ಹತ್ತು ಗೆಲವು, ಹನ್ನೊಂದು ಸೋಲು

ಬಿಸಿಲಿನ ತಾಪವಿಳಿದು ಬೇವಿನ ನೆರಳು ಉದ್ದವಾಗುವ ಹೊತ್ತಿಗೆ ನಾಲವಾರದ ಹುಡುಗರು ಎರಡು ಕಂಬಗಳ ನಡುವೆ ಬಲೆಯನ್ನು ಬಿಗಿಯುವರು. ಬಲೆಯ ಒಂದು ಮೂಲೆ ಹರಿದು ಗಂಟು ಹಾಕಿಸಿಕೊಂಡಿದೆ. ಗೆರೆಯೆಳೆಯಲು ಸುಣ್ಣವಿಲ್ಲದ ದಿನ ಬೂದಿಯೇ ಸುಣ್ಣ. ಬಯಲಿನ ಅಂಚಿನಲ್ಲಿ ಶಹಾಬಾದದ ಕಲ್ಲುಚಪ್ಪಡಿಯೊಂದರ ಮೇಲೆ ವಯಸ್ಸಾದ ಡ್ರಿಲ್ ಮಾಸ್ತರರೊಬ್ಬರು ಕುಳಿತಿರುತ್ತಾರೆ. ಸರಕಾರವು ಅವರಿಗೆ ವಿಶ್ರಾಂತಿಯನ್ನು ಕೊಟ್ಟು ಬಹುವರ್ಷಗಳಾದವು. ಕೊರಳಿನಲ್ಲಿ ತೂಗುವ ಸೀಟಿ ಮಾತ್ರ ಇನ್ನೂ ವಿಶ್ರಾಂತಿ ಪಡೆದಿಲ್ಲ.

ಶಾಲೆಗಳಲ್ಲಿ ಡ್ರಿಲ್ ಮಾಸ್ತರರ ಸ್ಥಾನವೆಂಥದೆಂಬುದು ವಾಚಕರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಪರೀಕ್ಷೆ ಸಮೀಪಿಸಿತೆಂದರೆ ಗಣಿತದವರು ಎರವು ಕೇಳುವುದು ಅವರ ಗಂಟೆಯನ್ನೇ; ಆ ಎರವು ತಿರುಗಿ ಬಂದುದನ್ನು ಕಂಡವರಿಲ್ಲ. ಮೆರವಣಿಗೆಯಲ್ಲಿ ಸಾಲು ನಿಲ್ಲಿಸುವುದಕ್ಕೂ, ಗಲಾಟೆಯ ಹುಡುಗನ ಕಿವಿ ಹಿಂಡುವುದಕ್ಕೂ ಅವರು ಬೇಕು. ಬುದ್ಧಿವಂತರ ಪಂಕ್ತಿಯಲ್ಲಿ ಅವರಿಗೆ ಮಣೆಯಿಲ್ಲ. ಈ ಮಾಸ್ತರರ ಬಳಿ ಒಂದು ಹಳೆಯ ನೋಟುಪುಸ್ತಕವುಂಟು. ತಮ್ಮ ಶಾಲೆಯ ಹುಡುಗರು ಸೇಡಂ, ಚಿತ್ತಾಪುರ, ಶಹಾಬಾದಗಳಿಗೆ ಹೋಗಿ ಆಡಿಬಂದ ಪಂದ್ಯಗಳ ಫಲವನ್ನು ಅದರಲ್ಲಿ ಶಾಯಿಯಿಂದ ಬರೆದಿಟ್ಟಿದ್ದಾರೆ. ಎಡಗಡೆ ಗೆಲವು, ಬಲಗಡೆ ಸೋಲು. ಬಲಗಡೆಯ ಸಾಲೇ ಉದ್ದ. ಮನೆಯವರು ಅದನ್ನು ಒಂದೆರಡು ಸಲ ರದ್ದಿಗೆ ಹಾಕಹೊರಟಾಗ ಮಾಸ್ತರರು ಮಾತಾಡದೆ ತೆಗೆದುಕೊಂಡು ಹೋಗಿ ಟ್ರಂಕಿನಲ್ಲಿ ಇಟ್ಟರಂತೆ.

ಒಂದು ಸಂಜೆ ಬಲೆ ಕಟ್ಟುತ್ತಿದ್ದ ಹುಡುಗನೊಬ್ಬನು ಕೇಳಿದನು: "ಮಾಸ್ತರ್ರೇ, ಈ ಆಟ ಯಾರ್ ಹುಟ್ಟಿಸ್ಯಾರ್ರಿ? ನಮ್ಮೋರೋ, ಇಂಗ್ಲಿಷರೋ?"

"ಇಬ್ಬರೂ ಅಲ್ಲಪಾ. ಅಮೇರಿಕಾದಾಗ ಒಂದು ಸಣ್ಣ ಸಾಲಿ ಇತ್ತು. ಆ ಸಾಲಿ ಹುಡುಗರು ಬ್ಯಾರೆ ಒಂದು ಆಟ ಆಡ್ತಿದ್ರು. ಆಡಿ ಆಡಿ ಸೋಲ್ತಿದ್ರು. ಆ ಸೋಲಿನ ಹೊಟ್ಯಾಗ ಹುಟ್ಟಿದ್ದಿದು."

ಹುಡುಗನು ನಕ್ಕನು. ಮಾಸ್ತರರು ನಗಿಸುವುದಕ್ಕಾಗಿ ಹೇಳಿದ ಮಾತಲ್ಲ ಅದು.

ಅಮೇರಿಕದ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಪಟ್ಟಣವಿದೆ. ವೈ. ಎಮ್. ಸಿ. ಎ. ಎಂಬ ತರುಣರ ಸಂಘದ ಕಾರ್ಯಕರ್ತರನ್ನು ತಯಾರುಮಾಡುವ ಉದ್ದೇಶದಿಂದ 1885ರಲ್ಲಿ ಅಲ್ಲಿ ಒಂದು ಶಿಕ್ಷಣಶಾಲೆ ಹುಟ್ಟಿತು. ಅದೇ ಬೆಳೆದು ಇಂದಿನ ಸ್ಪ್ರಿಂಗ್‌ಫೀಲ್ಡ್ ಕಾಲೇಜಾಗಿದೆ. 1890ರಲ್ಲಿ ಅದರ ವಿದ್ಯಾರ್ಥಿಗಳ ಸಂಖ್ಯೆ ತೀರ ಅಲ್ಪ. ಸಣ್ಣ ವಿದ್ಯಾಲಯವೆಂದು ಚಿತ್ತಾಪುರದ ಸೀಮೆಯವರು ಮೂಗು ಮುರಿಯಬೇಕಾದುದಿಲ್ಲ. ಅದೇ ಸೀಮೆಯ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನವೊಂದಿತ್ತು. ವೇದಶಾಸ್ತ್ರಗಳನ್ನು ಓದುವ ಇನ್ನೂರೈವತ್ತರಷ್ಟು ವಿದ್ಯಾರ್ಥಿಗಳಿಗೆ ಅಲ್ಲಿ ಅನ್ನವಸತಿಗಳ ಏರ್ಪಾಡು ನಡೆದುದನ್ನೂ, ಪುಸ್ತಕಗಳನ್ನು ಕಾಯಲು ಆರು ಮಂದಿ ಸರಸ್ವತೀಭಂಡಾರಿಗರಿದ್ದುದನ್ನೂ 1058ರ ಶಾಸನವು ಹೇಳುತ್ತದೆ. ಇಂದು ಅಲ್ಲಿ ಕಲ್ಲುಗಳಿವೆ, ಕಂಬಗಳಿವೆ. ಆ ವಿದ್ಯಾರ್ಥಿಗಳು ಏನು ಆಡುತ್ತಿದ್ದರೆಂಬುದನ್ನು ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ. ಆಟದ ಗಂಟೆಗೆ ಅಂದೂ ಅಷ್ಟೇ ಬೆಲೆಯಿದ್ದಿರಬೇಕು.

ಸ್ಪ್ರಿಂಗ್‌ಫೀಲ್ಡಿನ ಶಾಲೆಗೆ 1890ರಲ್ಲಿ ಇಬ್ಬರು ತರುಣರು ಬಂದರು. ಒಬ್ಬರು ಏಮಸ್ ಅಲಾಂಜೊ ಸ್ಟಾಗರು. ಯೇಲ್ ವಿಶ್ವವಿದ್ಯಾಲಯದ ಹೆಸರಾಂತ ಆಟಗಾರರು. 1889ರಲ್ಲಿ ಇಡೀ ದೇಶದ ಹನ್ನೊಂದು ಮಂದಿ ಉತ್ತಮರನ್ನು ಮೊದಲ ಬಾರಿಗೆ ಆರಿಸಿದಾಗ ಅವರಲ್ಲಿ ಒಬ್ಬರೆನಿಸಿದವರು. ಧರ್ಮೋಪದೇಶಕರಾಗಬೇಕೆಂದು ಹೊರಟು, ಸಭೆಯಲ್ಲಿ ಮಾತನಾಡುವ ಕಲೆ ತಮಗೆ ಒಲಿಯದೆಂದು ಕಂಡುಕೊಂಡು, ಮೈದಾನವನ್ನೇ ಉಪದೇಶದ ಪೀಠವಾಗಿ ಮಾಡಿಕೊಂಡರು. ಇನ್ನೊಬ್ಬರು ಕೆನಡಾದೇಶದ ಆಲ್ಮಾಂಟ್ ಎಂಬ ಊರಿನ ಜೇಮ್ಸ್ ನೈಸ್ಮಿತ್ತರು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಬಂಧುಗಳ ಮನೆಯಲ್ಲಿ ಬೆಳೆದು, ಮಾಂಟ್ರಿಯಾಲಿನಲ್ಲಿ ಧರ್ಮಶಾಸ್ತ್ರವನ್ನೋದಿದವರು. ಓದುವಾಗಲೇ ಕಾಲ್ಚೆಂಡಾಟದ ಹುಚ್ಚು. ಶನಿವಾರದ ಆಟದಲ್ಲಿ ಕಪ್ಪುಗಟ್ಟಿದ ಕಣ್ಣುಗಳನ್ನು ಹೊತ್ತು ಭಾನುವಾರ ಉಪದೇಶಪೀಠವನ್ನೇರಿದ್ದರೆಂದೂ, ಆಟದ ಸೆಳೆತಕ್ಕೆ ಸಿಕ್ಕಿದ ಇವರ ಆತ್ಮವುಳಿಯಲೆಂದು ಸಹಪಾಠಿಗಳು ಒಟ್ಟುಗೂಡಿ ಪ್ರಾರ್ಥಿಸಿದರೆಂದೂ ಹೇಳಿಕೆಯುಂಟು. ಅವರ ಮನಸ್ಸು ನಿಂತದ್ದು ಮಾತ್ರ ಬೇರೊಂದು ಸಂಗತಿಯ ಮೇಲೆ. ಒಮ್ಮೆ ಆಟದ ನಡುವೆ ಜೊತೆಯವನೊಬ್ಬನು ಕೋಪದಿಂದ ಕೆಟ್ಟ ಮಾತನಾಡಿ, ಪಕ್ಕದಲ್ಲಿ ನೈಸ್ಮಿತ್ತರಿದ್ದುದನ್ನು ಕಂಡು, ನೀನಿಲ್ಲಿರುವುದು ಮರೆತಿತ್ತೆಂದು ಕ್ಷಮೆ ಕೇಳಿದನಂತೆ. ಆ ತರುಣರು ಒಮ್ಮೆಯೂ ಅವನಿಗೆ ಉಪದೇಶ ಮಾಡಿದವರಲ್ಲ. ಜೊತೆಗೆ ಆಡಿದುದೇ ಅಷ್ಟು ಕೆಲಸ ಮಾಡಿತ್ತು.

ಇವರಿಬ್ಬರ ಮೇಲೆ ದೇಹಶಿಕ್ಷಣದ ಮುಖ್ಯಸ್ಥರಾಗಿ ಲೂಥರ್ ಗುಲಿಕ್ಕರಿದ್ದರು. ನೈಸ್ಮಿತ್ತರು ಹುಟ್ಟಿದುದು 1861ರಲ್ಲಿ, ಸ್ಟಾಗರು 1862ರಲ್ಲಿ, ಗುಲಿಕ್ಕರು 1865ರಲ್ಲಿ. ಎಲ್ಲರಿಗಿಂತ ಕಿರಿಯವರೇ ಮೇಲಧಿಕಾರಿ. ಶಿಷ್ಯನಿಗಿಂತ ಗುರು ಒಂದು ವರ್ಷ ಚಿಕ್ಕವರು. ಇಂಥ ಮನೆಯಲ್ಲಿ ಹಿರಿತನದ ಬಿಗುಮಾನಕ್ಕೆ ಅವಕಾಶವೆಲ್ಲಿ?

ಸ್ಟಾಗರು ಇದ್ದಷ್ಟು ವಿದ್ಯಾರ್ಥಿಗಳಲ್ಲಿಯೇ ಹನ್ನೊಂದು ಮಂದಿಯನ್ನು ಹೆಕ್ಕಿ ಒಂದು ಕಾಲ್ಚೆಂಡಿನ ತಂಡವನ್ನು ಕಟ್ಟಿದರು. ಅಮೇರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ದೇಶದವರು ಅರಿತ ಆಟವಲ್ಲ. ಅಲ್ಲಿ ಚೆಂಡನ್ನು ಒದೆಯುವುದಕ್ಕಿಂತ ಎದೆಗವಚಿಕೊಂಡು ಓಡುವುದೇ ಹೆಚ್ಚು. ಓಡುವವನನ್ನು ಎದುರಾಳಿಗಳು ಹಿಡಿದು ನೆಲಕ್ಕೆ ಕೆಡಹಬೇಕು. ಆ ದಿನಗಳಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವುದು ನಿಷಿದ್ಧ. ಮೂರು ಯತ್ನಗಳಲ್ಲಿ ಐದು ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಯ ಪಾಲು. ಹುತುತು, ಕುಸ್ತಿ, ಹಗ್ಗಜಗ್ಗಾಟ ಈ ಮೂರನ್ನೂ ಒಂದೇ ಕಣದಲ್ಲಿ ಕಲಸಿ ಇಪ್ಪತ್ತೆರಡು ಮಂದಿಯನ್ನು ಅದರೊಳಗೆ ಬಿಟ್ಟಂತೆ ಎಂದರೆ ತಾಲೀಮಿನ ಮಣ್ಣು ಮೈಗೆ ಹಚ್ಚಿಕೊಂಡ ಕಲಬುರಗಿಯ ಕಡೆಯವರಿಗೆ ಬೇಗ ಅರ್ಥವಾದೀತು.

ಎತ್ತರದಲ್ಲಿ ಅಷ್ಟಕ್ಕಷ್ಟೆಯಾಗಿದ್ದ ಈ ತಂಡಕ್ಕೆ ಜನರು 'ಸ್ಟಾಗರ ಗಿಡ್ಡ ಕ್ರೈಸ್ತರು' ಎಂದು ಅಡ್ಡಹೆಸರಿಟ್ಟರು. ನೈಸ್ಮಿತ್ತರನ್ನು ಸ್ಟಾಗರು ನಿಲ್ಲಿಸಿದುದು ಸಾಲಿನ ನಟ್ಟನಡುವೆ, ಎಲ್ಲ ತಳ್ಳಾಟವೂ ಬಂದು ಬೀಳುವ ಜಾಗದಲ್ಲಿ. ಇದೇಕೆಂದು ಕೇಳಿದುದಕ್ಕೆ, ಅತ್ಯಂತ ಕ್ರೂರವಾದ ಕೆಲಸವನ್ನು ಅತ್ಯಂತ ಸಭ್ಯವಾದ ರೀತಿಯಲ್ಲಿ ಮಾಡಬಲ್ಲವರು ನೀವೊಬ್ಬರೇ ಎಂದು ಸ್ಟಾಗರು ಉತ್ತರವಿತ್ತರಂತೆ. ಹೊಗಳಿಕೆಯೋ ಚೇಷ್ಟೆಯೋ, ಅದರಲ್ಲಿ ನೈಸ್ಮಿತ್ತರ ಮುಂದಿನ ಬಾಳಿನ ಬೀಜವಿದ್ದಂತೆ ತೋರುತ್ತದೆ.

1890ರ ಡಿಸೆಂಬರ್ 12ರಂದು ಈ ಪುಟ್ಟ ಶಾಲೆಯವರು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ಛಾವಣಿಯ ಕೆಳಗೆ ಯೇಲಿನವರನ್ನು ಎದುರಿಸಿದರು. ಯೇಲ್ ಎಂದರೆ ಆ ಕಾಲಕ್ಕೆ ಈ ಆಟದ ರಾಜಧಾನಿ, ಸ್ಟಾಗರಿಗೆ ಗುರುಕುಲ. ಯೇಲಿಗೆ 16, ಸ್ಪ್ರಿಂಗ್‌ಫೀಲ್ಡಿಗೆ 10. ಸೋತರು, ಆದರೆ ಆನೆಯ ದಂತವನ್ನು ಹಿಡಿದು ಅಲುಗಿಸಿ ಸೋತರು. ಸ್ಟಾಗರು ಅಲ್ಲಿದ್ದ 1890, 1891ರ ಎರಡು ವರ್ಷಗಳ ಲೆಕ್ಕವನ್ನು ತೆಗೆದರೆ ಗೆದ್ದುದು 10, ಸೋತುದು 11, ಸಮವಾಗಿ ಬಿಟ್ಟುದು 1. ಆಟದ ಚರಿತ್ರೆಯನ್ನು ಬರೆಯುವವರು ಬೆರಳನ್ನು ಒದ್ದೆಮಾಡಿಕೊಂಡು ಮುಂದಿನ ಪುಟಕ್ಕೆ ಹೋಗಿಬಿಡಬಹುದಾದ ಲೆಕ್ಕ. ನಾಲವಾರದ ಟ್ರಂಕಿನೊಳಗಿನ ನೋಟುಪುಸ್ತಕದಲ್ಲಿ ಈ ಮೂರು ಅಂಕಿಗಳನ್ನು ಯಾವುದೋ ವರ್ಷ ಕೊನೆಯ ಪುಟದಲ್ಲಿ ಬರೆದಿಡಲಾಗಿದೆ; ಕೆಳಗೆ ಯಾವ ಟಿಪ್ಪಣಿಯೂ ಇಲ್ಲ.

ಆ ಪ್ರಾಂತದಲ್ಲಿ ಚಳಿಗಾಲ ಬಂದರೆ ಬಯಲೆಲ್ಲ ಹಿಮ. ಕಾಲ್ಚೆಂಡಾಟ ನಿಂತುಹೋಗುತ್ತಿತ್ತು. ವಸಂತದವರೆಗೆ ಒಳಾಂಗಣದಲ್ಲಿ ಕೈಕಾಲು ಬೀಸುವ ಕವಾಯಿತು. ಮೈದಾನದಲ್ಲಿ ಗುದ್ದಾಡಿದ ತರುಣರಿಗೆ ಈ ಒಂದು-ಎರಡು-ಮೂರು ರುಚಿಸೀತೆ? 1891ರ ಚಳಿಗಾಲದಲ್ಲಿ ಹದಿನೆಂಟು ಮಂದಿಯ ಒಂದು ತರಗತಿಯು ಇಬ್ಬರು ಉಪಾಧ್ಯಾಯರನ್ನು ದಣಿಸಿ ಕೈಬಿಡಿಸಿತ್ತು. ಅವರ ಮುಂದಾಳು ಫ್ರಾಂಕ್ ಮಹಾನ್ ಎಂಬವನೂ ಕಾಲ್ಚೆಂಡಿನ ತಂಡದವನೇ. ಗುಲಿಕ್ಕರು ಆ ತರಗತಿಯನ್ನು ನೈಸ್ಮಿತ್ತರ ಕೊರಳಿಗೆ ಕಟ್ಟಿ, ಹದಿನಾಲ್ಕು ದಿನಗಳೊಳಗೆ ಛಾವಣಿಯ ಕೆಳಗೆ ಆಡತಕ್ಕ ಹೊಸ ಆಟವೊಂದನ್ನು ಮಾಡಿಕೊಡಬೇಕೆಂದರು.

ನೈಸ್ಮಿತ್ತರು ಮೊದಲು ಇದ್ದ ಆಟಗಳನ್ನೇ ಕೋಣೆಯೊಳಗೆ ತಂದು ನೋಡಿದರು. ತಳ್ಳಾಟವಿಲ್ಲದ ಫುಟ್‌ಬಾಲು ಹುಡುಗರಿಗೆ ಸಪ್ಪೆಯೆನಿಸಿತು. ಒದೆಯುವ ಕಾಲ್ಚೆಂಡಿಗೆ ಕಿಟಕಿಗಳು ಉಳಿಯಲಿಲ್ಲ. ಮೂರನೆಯದಕ್ಕೆ ಮೈ ಉಳಿಯಲಿಲ್ಲ. ಅವಧಿ ತೀರುತ್ತ ಬಂದಿತು. ಆಗ ಅವರು ತಮ್ಮ ಬೆನ್ನುಮೂಳೆಗೆ ಗೊತ್ತಿದ್ದುದನ್ನು ಬುದ್ಧಿಗೆ ಕೇಳಿದರು: ಆಟಗಾರನನ್ನು ಕೆಡಹುವುದೇಕೆ? ಅವನು ಚೆಂಡನ್ನು ಹಿಡಿದು ಓಡುತ್ತಾನೆ, ಅದಕ್ಕೆ. ಓಡದಿದ್ದರೆ? ಕೆಡಹಬೇಕಾದ ಕಾರಣವೇ ಇಲ್ಲ. ಚೆಂಡು ಕೈಗೆ ಬಂದವನು ನಿಂತಲ್ಲಿಂದಲೇ ಎಸೆಯತಕ್ಕದ್ದು. ಇನ್ನು ಗುರಿ. ಎದುರಿಗೆ ನಿಂತ ಬಾಗಿಲಿನಂಥ ಗುರಿಯಾದರೆ ಬಲವಾಗಿ ಹೊಡೆದವನದೇ ಮೇಲುಗೈ. ಗುರಿಯನ್ನು ತಲೆಯ ಮೇಲಕ್ಕೆ ಏರಿಸಿ ಬಾಯಿ ಆಕಾಶಕ್ಕೆ ತಿರುಗಿಸಿದರೆ? ಆಲ್ಮಾಂಟಿನಲ್ಲಿ ಹುಡುಗರು ಬಂಡೆಯ ಮೇಲೊಂದು ಕಲ್ಲನ್ನಿಟ್ಟು ದೂರದಿಂದ ಕಲ್ಲೆಸೆದು ಉರುಳಿಸುವ, ನಮ್ಮ ಲಗೋರಿಯ ದಾಯಾದಿಯಾದ ಒಂದು ಆಟವನ್ನಾಡುತ್ತಿದ್ದರು. ಅದರಲ್ಲಿ ಬಿರುಸಾಗಿ ಎಸೆದವನ ಕಲ್ಲು ದೂರ ಹೋಗಿ ಬೀಳುವುದು. ಬಿಲ್ಲಿನಂತೆ ಬಾಗಿಸಿ ಮೆಲ್ಲನೆ ಎಸೆದವನು ಗೆಲ್ಲುವನು. ಆ ನೆನಪು ಬಂದುದೇ ತಡ, ಆಟ ಸಿದ್ಧವಾಯಿತು.

ಒಂದೂವರೆ ಅಡಿಯ ಎರಡು ಪೆಟ್ಟಿಗೆಗಳನ್ನು ತರಹೇಳಿದರೆ, ಶಾಲೆಯ ಜವಾನನು ಪೀಚ್ ಹಣ್ಣು ತುಂಬುವ ಬುಟ್ಟಿಗಳೆರಡನ್ನು ತಂದುಕೊಟ್ಟನು. ಅವನ್ನು ಮೇಲಂತಸ್ತಿನ ಕಟಾಂಜನಕ್ಕೆ ಮೊಳೆ ಹೊಡೆದು ನಿಲ್ಲಿಸಿದರು. ಆ ಕಟಾಂಜನದ ಎತ್ತರ 10 ಅಡಿ. ಇಂದಿಗೂ ಜಗತ್ತಿನಲ್ಲೆಲ್ಲ ಬ್ಯಾಸ್ಕೆಟ್‌ಬಾಲಿನ ಬಳೆಯ ಎತ್ತರ 10 ಅಡಿಯೇ. ಹದಿಮೂರು ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿ, 1891ರ ಡಿಸೆಂಬರ್ 21ರಂದು ಒಂದೊಂದು ಕಡೆಗೆ ಒಂಬತ್ತು ಮಂದಿಯಂತೆ ಆಡಿಸಿದರು. ಬುಟ್ಟಿಗೆ ಬಿದ್ದುದು ಒಂದೇ ಒಂದು ಚೆಂಡು. ಬುಟ್ಟಿಯ ತಳವನ್ನು ಯಾರೂ ಕತ್ತರಿಸಿರಲಿಲ್ಲವಾದುದರಿಂದ ಅದನ್ನು ಮೇಲೇರಿ ತೆಗೆಯಬೇಕಾಯಿತು.

ಕಥೆ ಇಷ್ಟು ಸುಸೂತ್ರವಾಗಿ ನಡೆಯಿತೆಂದು ನಂಬುವುದು ಕಷ್ಟ. 1939ರಲ್ಲಿ, ತಾವು ತೀರಿಕೊಂಡ ವರ್ಷವೇ, ನೈಸ್ಮಿತ್ತರು ಬಾನುಲಿಯಲ್ಲಿ ಮಾತನಾಡುತ್ತ ಬೇರೊಂದು ಸತ್ಯವನ್ನು ಹೇಳಿದರು. ಮೊದಲ ದಿನ ನಿಯಮಗಳು ಸಾಲದೆ ಹೋಗಿ ಹುಡುಗರು ಗುದ್ದಿ, ಒದ್ದು, ಕೆಡವಿ, ನೆಲದ ನಡುವೆ ದೊಡ್ಡ ಹೊಡೆದಾಟವೇ ಆಯಿತಂತೆ. ಒಬ್ಬನು ಪ್ರಜ್ಞೆತಪ್ಪಿದನು, ಒಬ್ಬನ ಭುಜ ತಪ್ಪಿತು, ಹಲವರ ಕಣ್ಣು ಕಪ್ಪಾಯಿತು. ಅನಂತರವೇ ಚೆಂಡನ್ನು ಹಿಡಿದು ಓಡಕೂಡದೆಂಬ ನಿಯಮ ಬಂದಿತಂತೆ. ಎರಡರಲ್ಲಿ ಈ ಮಾತೇ ಹೆಚ್ಚು ನಂಬತಕ್ಕದ್ದು. ಫುಟ್‌ಬಾಲಿನ ಮಕ್ಕಳು ಒಂದೇ ಮಧ್ಯಾಹ್ನದಲ್ಲಿ ಸಾಧುಗಳಾದರೆಂದರೆ ಯಾವ ಡ್ರಿಲ್ ಮಾಸ್ತರರು ಒಪ್ಪಿಯಾರು? ಮಹಾನನು ಆಟಕ್ಕೆ 'ನೈಸ್ಮಿತ್ ಬಾಲ್' ಎಂದು ಹೆಸರಿಡೋಣವೆಂದನು. ಆ ಹೆಸರಿಟ್ಟರೆ ಯಾವ ಆಟವೂ ಸತ್ತುಹೋದೀತೆಂದು ನೈಸ್ಮಿತ್ತರು ನಕ್ಕುಬಿಟ್ಟರು. ಬುಟ್ಟಿಯೂ ಚೆಂಡೂ ಸೇರಿ ಹೆಸರಾಯಿತು. 1892ರಲ್ಲಿಯೇ ಹತ್ತಿರದ ಸ್ಮಿತ್ ಕಾಲೇಜಿನ ಹೆಣ್ಣುಮಕ್ಕಳು ಅದನ್ನಾಡತೊಡಗಿದರು. ಫುಟ್‌ಬಾಲು ಅವರಿಗೆ ಎಂದಿಗೂ ತೆರೆಯದಿದ್ದ ಬಾಗಿಲನ್ನು ಅದರ ಈ ಕೂಸು ವರ್ಷ ತುಂಬುವುದರೊಳಗೆ ತೆರೆದಿತು.

ವಾಲಿಬಾಲು ಅದರ ತಂಗಿ. ವಿಲಿಯಂ ಮಾರ್ಗನ್ ಎಂಬವರು ಸ್ಪ್ರಿಂಗ್‌ಫೀಲ್ಡಿನಲ್ಲಿಯೇ ಓದಿ, ನೆರೆಯ ಹೋಲಿಯೋಕ್ ಪಟ್ಟಣದಲ್ಲಿ ದೇಹಶಿಕ್ಷಣಾಧಿಕಾರಿಯಾದರು. ಅಲ್ಲಿಗೆ ಬರುತ್ತಿದ್ದ ನಡುವಯಸ್ಸಿನ ವ್ಯಾಪಾರಸ್ಥರಿಗೆ ಬ್ಯಾಸ್ಕೆಟ್‌ಬಾಲಿನ ಓಟವೂ ಹೆಚ್ಚಾಯಿತು. ಮಾರ್ಗನ್ನರು 1895ರಲ್ಲಿ ನಡುವೆ ಬಲೆಯನ್ನು ಕಟ್ಟಿ ಎರಡು ಪಕ್ಷಗಳನ್ನು ಬೇರೆಬೇರೆ ನಿಲ್ಲಿಸಿಬಿಟ್ಟರು. ಎದುರಾಳಿಯ ಮೈ ಸೋಕುವ ಪ್ರಸಂಗವೇ ತಪ್ಪಿತು. ಮರುವರ್ಷ ಸ್ಪ್ರಿಂಗ್‌ಫೀಲ್ಡಿನಲ್ಲಿ ಇದರ ಪ್ರದರ್ಶನವಾದಾಗ ವಾಲಿಬಾಲ್ ಎಂಬ ಹೆಸರು ಬಂದಿತು. ಮೈಗೆ ಮೈ ತಾಗಿಸಿ ಉರುಳುವ ಆಟದಿಂದ ಹೊರಟು, ಮೈ ಸೋಕದ ಆಟದವರೆಗೆ ಆ ಪುಟ್ಟ ಶಾಲೆಯು ಐದೇ ವರ್ಷಗಳಲ್ಲಿ ನಡೆದುಬಂದಿತು.

ತಾಯಿಯಾದ ಫುಟ್‌ಬಾಲಿನ ಪಾಡು ಬೇರೆಯಾಯಿತು. 1905ರ ಒಂದೇ ಋತುವಿನಲ್ಲಿ ಮೈದಾನಗಳಲ್ಲಿ ಹದಿನೆಂಟು ತರುಣರು ಸತ್ತರೆಂದು ಪತ್ರಿಕೆಗಳು ಎಣಿಸಿದವು. ಅಧ್ಯಕ್ಷ ರೂಸ್ವೆಲ್ಟರೇ ಕಾಲೇಜುಗಳವರನ್ನು ಕರೆಸಿ ಮಾತನಾಡಬೇಕಾಯಿತು. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ದೊರೆತು ತಳ್ಳಾಟವು ತಕ್ಕಮಟ್ಟಿಗೆ ಸಡಿಲವಾಯಿತು. ಸ್ಟಾಗರು 1892ರಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಹೋಗಿ ನಾಲ್ವತ್ತು ವರ್ಷ ಅಲ್ಲಿ ಕಲಿಸಿ ಮುನ್ನೂರಕ್ಕೂ ಮೇಲ್ಪಟ್ಟ ಗೆಲವುಗಳ ಒಡೆಯರಾಗಿ, 1965ರಲ್ಲಿ 102 ವರ್ಷದವರಾಗಿ ತೀರಿಕೊಂಡರು. ಆ ವಿಶ್ವವಿದ್ಯಾಲಯವು 1939ರಲ್ಲಿ ದೊಡ್ಡ ಫುಟ್‌ಬಾಲನ್ನೇ ತೊರೆಯಿತು. ಬರಿದಾದ ಮೈದಾನದ ಮೆಟ್ಟಿಲುಗಳ ಕೆಳಗೆ 1942ರ ಡಿಸೆಂಬರಿನಲ್ಲಿ ವಿಜ್ಞಾನಿಗಳು ಪರಮಾಣುವಿನ ಸರಣಿಕ್ರಿಯೆಯನ್ನು ಮೊಟ್ಟಮೊದಲು ನಡೆಸಿದರು. ನೈಸ್ಮಿತ್ತರು ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ತಮ್ಮದೇ ಆಟವನ್ನು ಕಲಿಸಿ 55 ಗೆದ್ದು 60 ಸೋತರು. ಅಲ್ಲಿ ಗೆಲವಿಗಿಂತ ಸೋಲು ಹೆಚ್ಚಾದ ಬ್ಯಾಸ್ಕೆಟ್‌ಬಾಲ್ ಗುರುಗಳು ಇಂದಿಗೂ ಅವರೊಬ್ಬರೇ. ಸ್ಪ್ರಿಂಗ್‌ಫೀಲ್ಡಿನವರು ಈಗಲೂ ಫುಟ್‌ಬಾಲ್ ಆಡುತ್ತಾರೆ. ಆಟದ ಬಲಕ್ಕಾಗಿ ವಿದ್ಯಾರ್ಥಿವೇತನ ಕೊಡದ ಕಾಲೇಜುಗಳ ಮೂರನೆಯ ಪಂಕ್ತಿಯಲ್ಲಿ ಅವರ ಸ್ಥಾನ.

ನಾಲವಾರಕ್ಕೆ ಈ ಆಟ ಬಂದ ದಾರಿ ಯಾವುದು? ಸ್ಪ್ರಿಂಗ್‌ಫೀಲ್ಡಿನಿಂದ ಹೊರಬಿದ್ದವರು ದೇಶದೇಶಗಳಿಗೆ ಹೋದರು. ಮೊದಲ ದಿನದ ಆ ಹದಿನೆಂಟು ಮಂದಿಯಲ್ಲಿ ಒಬ್ಬ ಪಕ್ಷದ ನಾಯಕನಾಗಿದ್ದ ಡಂಕನ್ ಪ್ಯಾಟನ್ 1894ರಲ್ಲಿಯೇ ಬ್ಯಾಸ್ಕೆಟ್‌ಬಾಲನ್ನು ಹಿಂದೂಸ್ಥಾನಕ್ಕೆ ತಂದನೆಂದು ಹೇಳುವರು. ನಮ್ಮ ದಕ್ಷಿಣದ ಮಟ್ಟಿಗೆ ದೊಡ್ಡ ಹೆಸರು ಹ್ಯಾರಿ ಕ್ರೋ ಬಕ್ ಸಾಹೇಬರದು. ಅವರೂ ಸ್ಪ್ರಿಂಗ್‌ಫೀಲ್ಡಿನ ವಿದ್ಯಾರ್ಥಿಗಳೇ. 1920ರಲ್ಲಿ ಮದ್ರಾಸಿನಲ್ಲಿ ದೇಹಶಿಕ್ಷಣದ ಕಾಲೇಜನ್ನು ತೆರೆದರು. ಬೆರಳೆಣಿಕೆಯ ವಿದ್ಯಾರ್ಥಿಗಳಿಂದ ಹೊರಟ ಅದೂ ಒಂದು ಸಣ್ಣ ಕಾಲೇಜೇ. ಅಮೇರಿಕದ ಆಟಗಳ ಜೊತೆಗೆ ದೇಶೀಯ ಆಟಗಳಿಗೂ ಅಲ್ಲಿ ಇಂಬು ದೊರೆಯಿತು. 1924ರಲ್ಲಿ ಪ್ಯಾರಿಸ್ಸಿನ ಒಲಿಂಪಿಕ್ ಕ್ರೀಡೆಗಳಿಗೆ ಭಾರತದ ಆಟಗಾರರನ್ನು ಕರೆದುಕೊಂಡು ಹೋದವರೂ ಬಕ್ ಸಾಹೇಬರೇ. ಆಟಗಳ ನಿಯಮಗಳನ್ನೆಲ್ಲ ಒಂದೆಡೆ ಕೂಡಿಸಿ ಅವರು ಹೊರಡಿಸಿದ ಪುಸ್ತಕವು ಎಷ್ಟೋ ಶಾಲೆಗಳಲ್ಲಿ ಜಗಳ ಬಂದಾಗ ಧರ್ಮಶಾಸ್ತ್ರದಂತೆ ನಡೆಯಿತು. ಅವರು 1943ರಲ್ಲಿ ತೀರಿಕೊಂಡರು.

ಆ ಕಾಲೇಜಿನಿಂದ ಹೊರಟ ಡ್ರಿಲ್ ಮಾಸ್ತರರು ದಕ್ಷಿಣದ ಊರೂರಿನ ಶಾಲೆಗಳನ್ನು ಸೇರಿದರು. ಅವರಿಂದ ಕಲಿತವರು ಮತ್ತೆ ಕಲಿಸಿದರು. ಮದ್ರಾಸಿನಿಂದಲೂ ಮುಂಬಯಿಯಿಂದಲೂ ಬಂದ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದಂದಿನಿಂದ ನಾಲವಾರವು ಆ ಹೆದ್ದಾರಿಯ ಮೇಲಿನ ಊರು. ನಿಜಾಮರ ಆಳ್ವಿಕೆಯಲ್ಲಿದ್ದಾಗಲೂ, 1956ರಲ್ಲಿ ಕನ್ನಡನಾಡಿಗೆ ಸೇರಿದ ಮೇಲೂ, ಅದೇ ಹಳಿ. ಹೊಸ ಚೆಂಡೂ ಹೊಸ ನಿಯಮವೂ ಯಾವ ಗಾಡಿಯಲ್ಲಿ ಬಂದಿಳಿದವೆಂದು ಟಿಕೀಟು ತೋರಿಸುವವರಾರು? ಬುಟ್ಟಿಯ ಆಟಕ್ಕೆ ಗಟ್ಟಿ ನೆಲ ಬೇಕು, ಹಲಗೆ ಬೇಕು, ಬಳೆ ಬೇಕು. ನಮ್ಮ ಎರೆಭೂಮಿಯ ಹಳ್ಳಿಗಳಲ್ಲಿ ಅದು ಹೆಚ್ಚು ಬೇರೂರಲಿಲ್ಲ. ಬಲೆಯ ಆಟಕ್ಕೆ ಎರಡು ಕಂಬ, ಒಂದು ಹಗ್ಗ, ಒಂದು ಚೆಂಡು ಸಾಕು. ಬಡವರ ಮನೆಗೆ ತಂಗಿಯೇ ಸೊಸೆಯಾಗಿ ಬಂದಳು.

ಇದನ್ನೆಲ್ಲ ಮಾಸ್ತರರು ಆ ಹುಡುಗನಿಗೆ ಒಂದೇ ಸಂಜೆ ಹೇಳಲಿಲ್ಲ. ಯೇಲಿನ ಪಂದ್ಯ ಒಂದು ದಿನ, ಹಣ್ಣಿನ ಬುಟ್ಟಿ ಒಂದು ದಿನ. ಮೊದಲ ದಿನದ ಹೊಡೆದಾಟದ ಸಂಗತಿಯನ್ನು ಹುಡುಗರು ಮೂರು ಸಲ ಹೇಳಿಸಿಕೊಂಡರು. ಹೇಳುತ್ತಿದ್ದಾಗ ಚೆಂಡು ಸಿದ್ಧವಾದರೆ ಮಾತು ಅಲ್ಲಿಗೇ ನಿಲ್ಲುವುದು. ಚರಿತ್ರೆಗಿಂತ ಚೆಂಡು ದೊಡ್ಡದೆಂದು ಮಾಸ್ತರರಿಗೂ ಗೊತ್ತು.

ಕಳೆದ ವಾರ ವಾಡಿಯ ಕಡೆಯ ಹುಡುಗರು ಆಡಲು ಬಂದಿದ್ದರು. ಎರಡೂ ಪಕ್ಷಗಳು ಒಂದೊಂದು ಆಟ ಗೆದ್ದು, ಮೂರನೆಯದು ಕೊನೆಯ ಅಂಕಕ್ಕೆ ಬಂದು ನಿಂತಿತ್ತು. ಬೆಳಕು ಕುಂದಿತ್ತು. ನಾಲವಾರದ ಎತ್ತರದ ಹುಡುಗನು ಹಾರಿ ಹೊಡೆದನು. ಚೆಂಡು ಎದುರು ಪಕ್ಷದ ನೆಲಕ್ಕೆ ಬಿದ್ದು ಧೂಳೆದ್ದಿತು. ಈ ಕಡೆ ಕೂಗು, ಆ ಕಡೆ ತಕರಾರು. ಅವನ ಕೈ ಬಲೆಯನ್ನು ಮುಟ್ಟಿತೆಂದು ಅವರು, ಗಾಳಿಗೆ ಬಲೆ ಅಲುಗಿತೆಂದು ಇವರು. ಎಲ್ಲರೂ ಕಲ್ಲುಚಪ್ಪಡಿಯ ಕಡೆಗೆ ತಿರುಗಿದರು.

"ಕತ್ತಲಾಗ ನನಗ ಕಾಣಿಸಲಿಲ್ಲ. ನೀನೇ ಹೇಳಪಾ, ಬಲಿ ಮುಟ್ಟಿದೋ ಇಲ್ಲೋ?"

ಹುಡುಗನು ಸ್ವಲ್ಪ ಹೊತ್ತು ಕೈಯನ್ನು ನೋಡಿಕೊಂಡನು.

"ಮುಟ್ಟೀನ್ರಿ, ಮಾಸ್ತರ್ರೇ."

ಮಾಸ್ತರರು ಸೀಟಿಯೂದಿ ಅಂಕವನ್ನು ವಾಡಿಯವರಿಗೆ ಕೊಟ್ಟರು. ಮುಂದಿನ ಚೆಂಡಿನಲ್ಲಿ ಆಟವೂ ಅವರದಾಯಿತು. ಬಲೆಯನ್ನು ಬಿಚ್ಚಿ ಸುತ್ತಿಡುವಷ್ಟರಲ್ಲಿ ರಾಯಚೂರಿನ ಕಡೆಯ ಗಾಡಿ ದೀಪ ಹೊತ್ತಿಸಿಕೊಂಡು ಹಾದುಹೋಯಿತು. ಮಾಸ್ತರರು ಮನೆಗೆ ಹೋಗಿ ಟ್ರಂಕನ್ನು ತೆರೆದು, ನೋಟುಪುಸ್ತಕದ ಬಲಗಡೆಯ ಸಾಲಿನ ಕೆಳಗೆ ಇನ್ನೊಂದು ಗೀಟನ್ನು ಎಳೆದರು.